ಗೌಡರ ಮೂಲಪುರುಷ

ಪುರಾತತ್ವ ಇಲಾಖೆಯವರು ಕರಿಗುಡ್ಡ ಅಗೆಸುವಾಗ ಕಲ್ಲಿನ ಜೋಡಿಯೊಂದು ಸಿಕ್ಕಿತು. ಒಂದೇ ಬಂಡೆಯಲ್ಲಿ ಗಂಡು, ಹೆಣ್ಣು. ಊರು ಹುಟ್ಟುವುದಕ್ಕೂ ಎಷ್ಟೋ ಮೊದಲು ಯಾರೋ ಕಡೆದದ್ದು.

ಊರಗೌಡ ಬಂಡಿ ಹೂಡಿಕೊಂಡೇ ಬಂದ. "ಆ ಗಂಡಸಿನ ಮೂಗು ನೋಡ್ರಿ! ನಮ್ಮ ವಂಶದ ಮೂಲಪುರುಷ. ನಮ್ಮನಿ ಪಡಸಾಲಿಗೆ ಒಯ್ತೀನಿ."

ಗೌಡನ ಹೊಸಿಲು ತುಳಿಯಲು ಅಪ್ಪಣೆಯಿಲ್ಲದ ಕೇರಿಯ ದುರುಗವ್ವ ಮಣ್ಣಿನ ಬುಟ್ಟಿ ಇಳಿಸಿದಳು. ಹೆಣ್ಣುಗೊಂಬೆಯ ಗದ್ದದ ಮೇಲೆ ಚುಕ್ಕಿಗಳಿದ್ದವು. ದುರುಗವ್ವನ ಗದ್ದದ ಹಚ್ಚೆಯೂ ಹಾಗೇ ಇತ್ತು.

"ಖರೇ ಐತ್ರಿ ಗೌಡ್ರ. ಆತ ನಿಮ್ಮ ಮುತ್ಯಾ, ಆತನ ಹೇಣ್ತಿ ನಮ್ಮಜ್ಜಿ. ಅಂದ್ರ ನೀವು ನನಗ ಅಣ್ಣ, ನಿಮ್ಮನಿ ನನ್ನ ತವರು. ನಾಗರ ಪಂಚಮಿಗೆ ಕರಿಯಾಕ ಬರ್ರಿ. ಕೇರಿ ಹೆಣ್ಮಕ್ಕಳೆಲ್ಲ ಬಂದು ನಿಮ್ಮ ಅಡಿಗಿಮನ್ಯಾಗ ಉಂಡಿ ಕಟ್ತೀವಿ."

ಗೌಡನ ಮುಖ ಹುಳ್ಳಗಾಯಿತು. "ಯಾವ ಮುತ್ಯಾ? ಅದು ಬರೇ ಕಲ್ಲು!"

ಬರಿ ಬಂಡಿ ಗುಡ್ಡ ಇಳಿಯಿತು. ಹಿಂದಿನಿಂದ ದುರುಗವ್ವ ಕೂಗಿದಳು: "ಅಣ್ಣಾ, ಪಂಚಮಿ ಮರೀಬ್ಯಾಡ್ರಿ!"