ಹಸುವಿನ ಪಾಲಾದ ಹೋಳಿಗೆ

ಚಿಕ್ಕಪೇಟೆಯ ಗಲ್ಲಿಗಳಲ್ಲಿ ಜನರನ್ನು ಅಂಗಡಿಯಿಂದ ಅಂಗಡಿಗೆ ಕರೆದೊಯ್ದು ತಿಂಡಿ ತಿನ್ನಿಸುವುದು ಜಲಜಕ್ಕನ ಕಸುಬು. ಅವತ್ತು ಅವಳ ಗುಂಪಿನಲ್ಲಿ ಪತ್ರಿಕೆಗೆ ತಿಂಡಿ-ತಿನಿಸಿನ ಬಗ್ಗೆ ಬರೆಯುವ ವಾಮನಮೂರ್ತಿಗಳಿದ್ದರು.

ತಟ್ಟೆ ಇಡ್ಲಿ ಪೂರ್ತಿ ಖಾಲಿ ಮಾಡಿ, "ಥೂ, ಕಲ್ಲಿದ್ದ ಹಾಗಿದೆ" ಎಂದರು. ಖಾರಾ ಬನ್ನು ಮುಗಿಸಿ ಬೆರಳು ನೆಕ್ಕುತ್ತಾ, "ಸಪ್ಪೆ" ಎಂದರು.

"ನೋಡಮ್ಮ, ನಾಳೆ ಇದನ್ನೆಲ್ಲ ಬರೀತೀನಿ. ಆಮೇಲೆ ನಿನ್ನ ಹಿಂದೆ ಒಂದು ನರಪಿಳ್ಳೆಯೂ ಬರೋದಿಲ್ಲ!"

ಜಲಜಕ್ಕ ಗುಂಪನ್ನು ಮುಂದಕ್ಕೆ ನಡೆಸಿದಳು. ಹೋಳಿಗೆ ಅಂಗಡಿ ಬಂತು. ಮುತ್ತುಗದೆಲೆಯ ಮೇಲೆ ಬಿಸಿ ಹೋಳಿಗೆ, ಅದರ ಮೇಲೊಂದು ಮಿಳ್ಳೆ ತುಪ್ಪ. ಮೂರ್ತಿಗಳು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಕಣ್ಣು ಬಿಟ್ಟು, "ಬರೀ ಹಿಟ್ಟು" ಎಂದರು.

"ಅಯ್ಯೋ, ಮತ್ಯಾಕೆ ಕಷ್ಟಪಟ್ಟು ತಿಂತೀರಿ ಸ್ವಾಮಿ?" ಎನ್ನುತ್ತಾ ಜಲಜಕ್ಕ ಎಲೆಯನ್ನು ಕಿತ್ತುಕೊಂಡು, ಎಂಜಲೆಲೆಗೆ ಕಾದು ನಿಂತಿದ್ದ ಹಸುವಿನ ಮುಂದಿಟ್ಟಳು. ಹಸು ಎಲೆ ಸಮೇತ ನುಂಗಿತು. ಮೂರ್ತಿಗಳ ಕೈ ಗಾಳಿಯಲ್ಲೇ ಉಳಿಯಿತು.

ಮುಂದಿನದು ದೋಸೆ ಅಂಗಡಿ. ಮೂರ್ತಿಗಳು ಮೆಲ್ಲಗೆ ತಿರುಗಿ ನೋಡಿದರು. ಹಸು ಅವರ ಬೆನ್ನ ಹಿಂದೆಯೇ ಬಂದು ನಿಂತಿತ್ತು.

"ಅದ್ಭುತ! ಇಂಥ ದೋಸೆ ಎಲ್ಲೂ ಸಿಗೋದಿಲ್ಲ!" ಎಂದು ಮೂರ್ತಿಗಳು ಕೂಗಿದರು.

ಹಿಟ್ಟು ಇನ್ನೂ ಹೆಂಚಿಗೆ ಬಿದ್ದಿರಲಿಲ್ಲ.