ಧೂಳು ಇಟ್ಟ ಬೊಟ್ಟು

ತಿಪಟೂರಿನ ಒಂದು ಫೋಟೋ ಸ್ಟುಡಿಯೋ. ಮಾಲೀಕ ಪುಟ್ಟಮಾದಯ್ಯ. ಫೋಟೋ ತೆಗೆಯುವವಳು ತಾಯಮ್ಮ. ಒಂದು ದಿನ ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿ ಕರೀ ಚುಕ್ಕೆ ಕಾಣಿಸಿತು. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಧೂಳು ಕೂತಿತ್ತು.

ಮಾಲೀಕ ಒರೆಸುವ ಕಡ್ಡಿಗಳ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದ. "ಇದರ ಚೀಟೀಲಿ ಬರೆದ ಹಾಗೇ ಮಾಡು. ಸೆನ್ಸರ್ ಹಾಳಾದ್ರೆ ನಿನ್ನ ಕೆಲಸ ಹೋಯ್ತು ಅನ್ಕೊ!"

ತಾಯಮ್ಮ ಚೀಟಿ ಓದಿದಳು. ಮೊದಲನೇ ಸಾಲು: ಸೆನ್ಸರನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಎರಡನೇ ಸಾಲು: ಸೆನ್ಸರನ್ನು ಒತ್ತಿ ಒರೆಸಿ. ಮೂರನೇ ಸಾಲು: ಒತ್ತಬೇಡಿ. ಅವಳು ಡಬ್ಬಿ ಮುಚ್ಚಿಟ್ಟಳು.

ಅಷ್ಟರಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ತಾಯಮ್ಮ ಕ್ಯಾಮೆರಾವನ್ನು ಒಂಚೂರು ಅತ್ತ, ಒಂಚೂರು ಇತ್ತ ಸರಿಸಿ, ಚುಕ್ಕೆ ಸರಿಯಾಗಿ ಕೂಸಿನ ಕೆನ್ನೆಗೇ ಬೀಳುವ ಹಾಗೆ ಫೋಟೋ ತೆಗೆದಳು.

ಫೋಟೋ ನೋಡಿ ಅಜ್ಜಿ ಕಣ್ಣರಳಿಸಿದಳು. "ಅಯ್ಯೋ, ದೃಷ್ಟಿ ಬೊಟ್ಟು ಇಡೋದೇ ಮರೆತಿದ್ದೆ. ನೀನೇ ಇಟ್ಟೆಯಲ್ಲವ್ವಾ!"

ವಾರದೊಳಗೆ ಸ್ಟುಡಿಯೋ ಮುಂದೆ ಕೂಸು ಎತ್ತಿಕೊಂಡವರದೇ ಸಾಲು.

ಮಾಲೀಕ ಬೆರಗಾಗಿ ಕೇಳಿದ: "ಏನ್ ಮಾಡಿದೆ ತಾಯಮ್ಮಾ?"

"ಚೀಟೀಲಿ ಬರೆದ ಹಾಗೇ ಮಾಡಿದೆ ಸಾರ್. ಮೊದಲನೇ ಸಾಲಿಗೇ ನಿಲ್ಲಿಸಿದೆ."

ಪುಟ್ಟಮಾದಯ್ಯ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. "ಆ ಧೂಳು ಜೋಪಾನ. ಹಾರಿ ಹೋದ್ರೆ ನಿನ್ನ ಕೆಲಸ ಹೋಯ್ತು ಅನ್ಕೊ!"