ಚೀಲ ಕೊಟ್ಟ ಧನಿಕ

“ಬುದ್ಧಿ, ಕೊಟ್ಟದ್ದನ್ನು ಬಾಗಿಲಲ್ಲಿ ಎಸೆದು ಹೋದವರಿಗೆ ಮತ್ತೆ ಕೊಡಬೇಕೆ?”

ಕೇಳಿದವನು ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯ ಚೆನ್ನಮಲ್ಲ. ಅವನು ಸಿಟ್ಟಿನಲ್ಲಿದ್ದ. ಚಿಂದಿ ಆಯುವ ಹೆಂಗಸರ ಬದುಕು ಹಸನಾಗಲೆಂದು ಭಕ್ತರು ಮಠಕ್ಕೆ ಹಣ ಒಪ್ಪಿಸಿದ್ದರು. ಅದರಲ್ಲಿ ಒಂದು ಪಾಲನ್ನು ಅವನು ಊರಿನ ಗುಜರಿ ವ್ಯಾಪಾರಿಯ ಕೈಗೆ ಕೊಟ್ಟು ಹೊಸ ಚೀಲ ಹಂಚಿಸಿದ್ದ. ಆ ಬೆಳಗ್ಗೆ ಹೆಂಗಸರು ಬಂದು ಅಷ್ಟೂ ಚೀಲಗಳನ್ನು ಮಠದ ಬಾಗಿಲಲ್ಲಿ ಎಸೆದು, ಯಾಕೆಂದು ಹೇಳದೆ ಹೊರಟುಹೋಗಿದ್ದರು.

“ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದು ಸುಳ್ಳಲ್ಲ. ಉಳಿದ ಹಣವನ್ನು ಯೋಗ್ಯರಿಗೆ ಕೊಟ್ಟುಬಿಡುತ್ತೇನೆ. ಅಪ್ಪಣೆಯಾಗಲಿ.”

ಗುರುಗಳು ಅಪ್ಪಣೆ ಕೊಡಲಿಲ್ಲ. “ಕೂತುಕೋ ಮರಿ. ಸಿಟ್ಟು ಇಳಿಯುವಷ್ಟು ಹೊತ್ತು ಒಂದು ಕತೆ ಕೇಳು,” ಎಂದು ಹೇಳತೊಡಗಿದರು.

ಒಂದು ಊರಿನ ಹೊರಗೆ ಹೊಳೆ. ಹೊಳೆಯ ದಂಡೆಯಲ್ಲಿ ದೊಡ್ಡ ತಿಪ್ಪೆ. ಊರು ಬೇಡವೆಂದು ಎಸೆದದ್ದರಲ್ಲಿ ಗಾಜು, ತಗಡು, ತಂತಿ, ಚಿಂದಿ ಆಯ್ದು ಮಾರುವ ಹೆಂಗಸರು ಅಲ್ಲಿದ್ದರು. ಈಚೆ ದಂಡೆಯಲ್ಲಿ ಒಬ್ಬ ಗುಜರಿ ವ್ಯಾಪಾರಿ. ಆಚೆ ದಂಡೆಯಲ್ಲಿ ಇವನ್ನೆಲ್ಲ ಕರಗಿಸಿ ಹೊಸದು ಮಾಡುವ ಕಾರ್ಖಾನೆ. ವ್ಯಾಪಾರಿ ತೀರಾ ಕಡಿಮೆ ಬೆಲೆ ಹೇಳಿದ ದಿನ ಹೆಂಗಸರು ಹೊಳೆ ದಾಟಿ ಕಾರ್ಖಾನೆಗೇ ಹೋಗಿ ಮಾರುತ್ತಿದ್ದರು. ಆ ಹೆದರಿಕೆ ವ್ಯಾಪಾರಿಗೂ ಇತ್ತು.

ಆ ಹೆಂಗಸರಲ್ಲಿ ಒಂದು ಕಟ್ಟುಪಾಡು. ಯಾರ ಚೀಲವೋ ಅವರಿಗೇ ಮಾಲು. ಒಬ್ಬರು ಕೊಟ್ಟ ಚೀಲ ಹೊತ್ತು ಇನ್ನೊಬ್ಬರ ಬಾಗಿಲಿಗೆ ಹೋಗುವುದು ಕಳ್ಳತನಕ್ಕೆ ಸಮ. ತಿಪ್ಪೆ ಕೆದಕುವವರಿಗೆ ಎಂಥ ಕಟ್ಟುಪಾಡು ಎಂದು ಊರಿನವರು ನಗಬಹುದು. ಊರಿನವರು ಕೊಡುವ ಮಾತಿಗಿಂತ ಅದು ಗಟ್ಟಿಯಾಗಿತ್ತು.

ಒಂದು ದಿನ ಒಬ್ಬ ಧನಿಕ ಆ ದಾರಿಯಲ್ಲಿ ಬಂದ. ಹರಿದ ಚೀಲದಿಂದ ಗಾಜು ಹೊರಚಾಚಿ ಒಬ್ಬ ಹೆಂಗಸಿನ ಬೆನ್ನು ಗೀರಿತ್ತು. ಅವನ ಕರುಳು ಚುರ್ ಎಂದಿತು. ಏನು ಬೇಕು ಕೇಳಮ್ಮ ಎಂದ. ಒಳ್ಳೆಯವನೇ. ಕೇಳು ಎನ್ನುವಷ್ಟು ಒಳ್ಳೆಯತನ ಇತ್ತು, ಕೇಳಿಸಿಕೊಳ್ಳುವಷ್ಟು ವ್ಯವಧಾನ ಇರಲಿಲ್ಲ.

“ಒಂದು ತಕ್ಕಡಿ ಕೊಡ್ಸಿ ಸ್ವಾಮಿ,” ಎಂದಳು ಆ ಹೆಂಗಸು. “ಮಾಲು ನೆನೀದಂಗೆ ಒಂದು ಸೂರು. ವಾರದ ಮಾಲು ಕೂಡಿಟ್ರೆ ಕಾರ್ಖಾನೆಯೋರೇ ಗಾಡಿ ತರ್ತಾರೆ. ಆ ವಾರ ಒಲೆ ಉರಿಯೋಕೆ ಒಂದಿಷ್ಟು ಕೈಗಡ ಕೊಡಿ. ತೀರಿಸ್ತೀವಿ.”

ಧನಿಕ ನಕ್ಕುಬಿಟ್ಟ. ಕಸ ಆಯುವವರಿಗೆ ತಕ್ಕಡಿಯೇ? ಅವನ ಕಣ್ಣಿಗೆ ಬಿದ್ದದ್ದು ಹರಿದ ಚೀಲ ಮಾತ್ರ. ಗುಜರಿ ವ್ಯಾಪಾರಿಯನ್ನು ಕರೆಸಿ, ಹಣ ಕೊಟ್ಟು, ಎಲ್ಲರಿಗೂ ಗಟ್ಟಿ ಚೀಲ ಹಂಚು ಎಂದ. ಕುರಿ ಕಾಯಲು ತೋಳವನ್ನು ಇಟ್ಟ ಹಾಗಾಯಿತು. ವ್ಯಾಪಾರಿ ಹಳೆಯ ಚೀಲಗಳನ್ನು ಇಸಿದುಕೊಂಡು ತನ್ನ ಗುರುತು ಒತ್ತಿದ ಹೊಸ ಚೀಲ ಕೊಟ್ಟ. ಇದನ್ನು ಬೇಡವೆಂದವಳಿಂದ ಮುಂದೆ ಒಂದು ಮೊಳೆಯನ್ನೂ ಕೊಳ್ಳುವುದಿಲ್ಲ ಎಂದ. ಊರೆಲ್ಲ ಧನಿಕನನ್ನು ಹೊಗಳಿತು.

ಅಂದಿನಿಂದ ಹೆಂಗಸರಿಗೆ ಹೊಳೆಯ ದಾರಿ ಮುಚ್ಚಿತು. ವ್ಯಾಪಾರಿಯ ಹೆದರಿಕೆ ಹೋಯಿತು. ಬೆಲೆ ಇಳಿಯಿತು, ಆಮೇಲೆ ತೂಕವೂ ಇಳಿಯಿತು.

ಮಳೆಗಾಲ ಬಂತು. ತಕ್ಕಡಿ ಕೇಳಿದ್ದ ಆ ಹೆಂಗಸಿನ ಮಗಳು ಜ್ವರ ಬಂದು ಮಲಗಿದಳು. ಆ ದಿನವೇ ತಾಯಿಗೆ ತಿಪ್ಪೆಯಲ್ಲಿ ತಾಮ್ರದ ತಂತಿ ಸಿಕ್ಕಿತು. ಔಷಧಿಗೆ ಸಾಲುವಷ್ಟಿತ್ತು. ಸಂಜೆ ಓಡೋಡಿ ಅಂಗಡಿಗೆ ಬಂದಳು. ವ್ಯಾಪಾರಿ ತೂಗಿದ. ತಕ್ಕಡಿಯಲ್ಲಿ ಅದು ಒಂದು ಹಿಡಿ ಕಬ್ಬಿಣದಷ್ಟೂ ತೂಗಲಿಲ್ಲ.

“ಇನ್ನೊಂದ್ಸಲ ತೂಗಿ ಯಜಮಾನ್ರೇ. ಮಗಾ ಮಲಗೈತೆ.”

“ಚೀಲ ಯಾರ್ದು?”

“ನಿಮ್ದು.”

“ಹಂಗಾದ್ರೆ ತೂಕಾನೂ ನಂದೇ.”

ಅವಳು ಚೀಲವನ್ನು ನೆಲಕ್ಕೆ ಸುರಿದು, ಕೊಡವಿ, ಮಡಿಸಿ, ಅವನ ತಕ್ಕಡಿಯ ಮೇಲಿಟ್ಟಳು. ಹಾಗೆ ಮಾಡಿದವರು ಅಲ್ಲಿವರೆಗೆ ಯಾರೂ ಇರಲಿಲ್ಲ. ಸಾಲಿನಲ್ಲಿ ನಿಂತಿದ್ದ ಹೆಂಗಸರು ಅವಳ ಕಡೆಗೆ ತಿರುಗಿದರು. ಇನ್ನು ಅವಳಿಗೆ ಈಚೆ ದಂಡೆಯಲ್ಲಿ ಅನ್ನವಿಲ್ಲ. ಅವಳು ತಂತಿಯನ್ನು ಸೆರಗಿನಲ್ಲಿ ಗಂಟು ಕಟ್ಟಿ, ಸೊಂಟಕ್ಕೆ ಬಿಗಿದು, ಹೊಳೆಗೆ ಇಳಿದಳು.

ಹೊಳೆ ಏರುತ್ತಿತ್ತು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಗಂಟಿನ ಭಾರ ಅವಳನ್ನು ಕೆಳಗೆ ಎಳೆಯತೊಡಗಿತು.

“ಗಂಟು ಬಿಡೇ! ಜೀವ ಉಳಿಸ್ಕೊಳ್ಳೇ!” ದಂಡೆಗೆ ಓಡಿ ಬಂದ ಹೆಂಗಸರು ಕೂಗಿದರು.

ಅವಳು ಬಿಡಲಿಲ್ಲ. ಬಿಟ್ಟರೆ ಮಗಳಿಗೆ ಔಷಧಿ ಇಲ್ಲ, ಬಿಡದಿದ್ದರೆ ಮಗಳಿಗೆ ತಾಯಿ ಇಲ್ಲ. ಒಬ್ಬ ತಾಯಿಯನ್ನು ಅಲ್ಲಿ ತಂದು ನಿಲ್ಲಿಸಬಾರದಿತ್ತು. ಕಡೆಗೆ ಹೊಳೆಯೇ ತೀರ್ಮಾನ ಮಾಡಿತು. ಸೆರಗು ಹರಿದು ತಾಮ್ರ ಮುಳುಗಿತು. ಹೆಂಗಸರು ಸೀರೆಗೆ ಸೀರೆ ಗಂಟು ಹಾಕಿ ಎಸೆದು ಅವಳನ್ನು ಎಳೆದುಕೊಂಡರು. ತಮ್ಮ ತಮ್ಮ ಆ ದಿನದ ದುಡಿಮೆ ಸೇರಿಸಿ ವೈದ್ಯನನ್ನು ಕರೆತಂದರು. ಮಗು ಉಳಿಯಿತು, ಗಾಬರಿಯಾಗಬೇಡ ಮರಿ. ಅಷ್ಟೂ ಮನೆಯ ಒಲೆ ಮಾತ್ರ ಆ ರಾತ್ರಿ ಉರಿಯಲಿಲ್ಲ.

ಬೆಳಗಾಗುತ್ತಲೇ ಎಲ್ಲರೂ ಒಟ್ಟಾಗಿ ಹೋಗಿ ಚೀಲಗಳನ್ನು ಧನಿಕನ ಬಾಗಿಲಲ್ಲಿ ಹಾಕಿದರು. ವ್ಯಾಪಾರಿಯ ಬಾಗಿಲಲ್ಲಿ ಅಲ್ಲ. ಧನಿಕನಿಗೆ ಸಿಟ್ಟು ಬಂತು. ಕೊಟ್ಟದ್ದನ್ನು ಎಸೆದು ಹೋದವರಿಗೆ ಇನ್ನು ಕೊಡುವುದಿಲ್ಲ ಎಂದ. ಹಣದ ಚೀಲ ಕಟ್ಟಿ ಒಳಗಿಟ್ಟ. ನನಗೆ ವ್ಯಾಪಾರಿಯ ಮೇಲೆ ಅಷ್ಟು ಸಿಟ್ಟಿಲ್ಲ, ಅವನು ವ್ಯಾಪಾರಿ. ತಕ್ಕಡಿ ಕೇಳಿದವಳ ಮುಂದೆ ಧನಿಕ ನಕ್ಕನಲ್ಲ, ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೆನ್ನಮಲ್ಲ ಕೇಳಿದ.

“ಆಮೇಲೆ ಏನಾಯಿತು ಬುದ್ಧಿ? ಧನಿಕ ಕೊನೆಗಾದರೂ ತಕ್ಕಡಿ ಕೊಡಿಸಿದನೆ?”

“ಉಳಿದ ಹಣ ಇನ್ನೂ ನಿನ್ನ ಹತ್ತಿರವೇ ಇದೆಯಲ್ಲ, ಮರಿ.”